ಹುರುಳಿ ಹಾಸಿದ ರಸ್ತೆಯಲ್ಲಿ ಏರೋಪ್ಲೇನು

ಕನ್ನಡಿಯಲ್ಲಿ ಆ ಕೆಂಪು ಕಾರು ಮತ್ತೆ ಕಾಣಿಸಿತು!

ಪಾಂಡವಪುರ ದಾಟಿ ಕೆ.ಆರ್.ಪೇಟೆ ರೋಡಲ್ಲಿದ್ದೆವು ಸಾರ್. ನನ್ನ ಜೀಪು. ಅದರ ಹಿಂದೆ ಟ್ರೈಲರು. ಟ್ರೈಲರ್ ಮೇಲೆ ಒಂದು ಏರೋಪ್ಲೇನು!

ನಿಜವಾದ್ದೇ. ಇಬ್ಬರು ಕೂರುವಷ್ಟು ಚಿಕ್ಕದು. ಎರಡೂ ರೆಕ್ಕೆ ಹಿಂದಕ್ಕೆ ಮಡಚಿಕೊಂಡು ಮಿಡತೆ ಥರ ಕೂತಿತ್ತು.

"ಅವನೇನಾ?" ಪಕ್ಕದ ಸೀಟಿಂದ ಪವಿತ್ರ ಮೇಡಂ ಕೇಳಿದರು. ಏರೋಪ್ಲೇನಿನ ಓನರ್ರು.

"ಅವನೇ ಮೇಡಂ. ಸಂತೋಷ. ಹೆಸರಲ್ಲಿ ಇರೋದು ಮುಖದಲ್ಲಿ ಒಂದು ಚಿಟಿಕೆನೂ ಇಲ್ಲ!"

ಅವರು ನಗಲಿಲ್ಲ.

ನಾನು ಮಂಜುನಾಥ. ಶ್ರೀರಂಗಪಟ್ಟಣದಲ್ಲಿ ಬೇರೆ ಯಾರೂ ಒಪ್ಪದ ಲೋಡು ನನ್ನ ಹತ್ತಿರ ಬರುತ್ತೆ. ಈ ಸಲದ್ದು ನಾಗಮಂಗಲದ ಆಚೆ ಇರೋ ಒಂದು ಖಾಸಗಿ ರನ್‌ವೇಗೆ. ಅಲ್ಲಿ ಕೀರ್ತನ ಅನ್ನೋ ಹುಡುಗಿ ಕಾಯ್ತಾ ಇದ್ದಳು. ಪೈಲಟ್ಟು. ಸಾಯಂಕಾಲ ಒಂದು ರೌಂಡು ಹಾರಿಸಿ ನೋಡಿ, ಕೊಂಡುಕೊಳ್ಳೋಳು.

ಸಂತೋಷ ಯಾರು? ಈ ಏರೋಪ್ಲೇನು ಜೋಡಿಸಿದ ಮೆಕ್ಯಾನಿಕ್ಕು. ಮೇಡಂ ಜೊತೆ ಜಗಳ ಮಾಡಿಕೊಂಡು ಹೊರಗೆ ಹೋದವನು. ಈಗ ದಾರಿಯಲ್ಲೇ ಅದನ್ನು ಕದಿಯೋಕೆ ನೋಡ್ತಿದಾನೆ.

ಇದು ಮೇಡಂ ಹೇಳಿದ ಕತೆ.

ಬೆಳಗ್ಗೆ ಲೋಡ್ ಮಾಡುವಾಗ ಅವರೊಂದು ಬಟ್ಟೆ ಗಂಟು ಕೊಟ್ಟಿದ್ದರು. "ರೆಕ್ಕೆ ಬಿಚ್ಚಿ ನಿಲ್ಲಿಸಿದಾಗ ಹಿಡಿದುಕೊಳ್ಳೋದು ಈ ಎರಡು ಪಿನ್ನೇ. ಜೋಪಾನ." ಡ್ಯಾಶ್‌ಬೋರ್ಡಲ್ಲಿಟ್ಟೆ. ಹೆಬ್ಬೆರಳಿಗೆ ಬೆಳ್ಳಿ ಬಣ್ಣ ಅಂಟಿತು. ಬೆಳಬೆಳಗ್ಗೇನೇ ಬೆಳ್ಳಿ... ಒಳ್ಳೇ ಬೋಣಿ ಅಂದುಕೊಂಡೆ!

ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರುಗಳ ಮಧ್ಯೆ ಸಿಕ್ಕಿಕೊಂಡಾಗ ಬಾಯಲ್ಲೇ ಆಂಬ್ಯುಲೆನ್ಸ್ ಸೈರನ್ ಕೂಗಿದ್ದೆ. ಮಿಮಿಕ್ರಿ... ಕಾಲೇಜಲ್ಲಿ ಕಲಿತ ಒಂದೇ ವಿದ್ಯೆ. ಜನ ದಾರಿ ಬಿಟ್ಟರು. ಹಿಂದೆ ಬಂದದ್ದನ್ನ ನೋಡಿ ಬಾಯೂ ಬಿಟ್ಟರು!

ಬಿಟ್ಟ ದಾರೀಲೇ ಕೆಂಪು ಕಾರೂ ನುಗ್ಗಿತ್ತು.

ಫೋನ್ ಹೊಡೆದುಕೊಂಡಿತು. ಟ್ರೈಲರ್ ಹಿಂದೆ ಬರೆಸಿದ್ದ ನಂಬರ್ ನೋಡಿ ಸಂತೋಷನೇ ಮಾಡಿದ್ದ.

"ಲೇ, ನಿಲ್ಸ್ಲಾ ಗಾಡಿಯ! ಇಲ್ಲಾಂದ್ರೆ ಅಡ್ಡ ಹಾಕ್ಬುಡ್ತೀನಿ!"

"ಅಡ್ಡ ಹಾಕಿ ಏನ್ಲಾ ಕಿತ್ಕೊಂಡೀಯ?"

"ಮೊದ್ಲು ಕೇಳುಸ್ಕೊ ಕಣ್ಲಾ... ಆ ಎಡಗಡೆ..."

ಮೇಡಂ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಆಫ್ ಮಾಡಿದರು.

"ಅವನ ಮಾತು ಬೇಡ ಮಂಜಣ್ಣ. ಓಡಿಸಿ."

ಢಣ್!

ಕಾರು ಟ್ರೈಲರ್ ಬಾಲಕ್ಕೆ ಗುದ್ದಿತು. ಸರಪಳಿ ಕಿರುಗುಟ್ಟಿತು. ಏರೋಪ್ಲೇನು ಜ್ವರ ಬಂದವರ ಹಾಗೆ ನಡುಗಿತು. ಇನ್ನೊಂದು ಗುದ್ದು ಬಿದ್ದರೆ ನಾನು, ಮೇಡಂ, ಏರೋಪ್ಲೇನು... ಮೂವರೂ ಪಕ್ಕದ ನಾಲೆಗೆ!

ಬೂಕನಕೆರೆ ಕಡೆಯ ಒಂದು ಒಳದಾರಿ ನನಗೆ ಗೊತ್ತಿತ್ತು. ಈ ತಿಂಗಳಲ್ಲಿ ಆ ದಾರೀಲಿ ರೋಡು ಕಾಣಲ್ಲ ಸಾರ್... ಬರೀ ಹುರುಳಿ! ಕಿತ್ತ ಗಿಡಾನ ಟಾರ್ ಮೇಲೆ ದಪ್ಪಕ್ಕೆ ಹಾಸಿಬಿಡ್ತಾರೆ. ಹೋಗೋ ಬರೋ ಗಾಡಿಗಳು ತುಳಿದು ಕಾಳು ಬಿಡಿಸಬೇಕು. ಪುಕ್ಕಟೆ ಒಕ್ಕಣೆ!

ಅದರ ಮೇಲೆ ಓಡಿಸೋದಕ್ಕೆ ರೀತಿ ಇದೆ. ಎತ್ತರದ ಗಾಡಿ ಆಗಬೇಕು. ಮೆಲ್ಲಗೆ ಹೋಗಬೇಕು. ತಗ್ಗಿನ ಕಾರು ಜೋರಾಗಿ ನುಗ್ಗಿದರೆ ಒಣಗಿದ ಬಳ್ಳಿ ಅಡಿಗೆ ಸುತ್ತಿಕೊಳ್ಳುತ್ತೆ. ಅಲ್ಲಿ ಸೈಲೆನ್ಸರು ಕಾದಿರುತ್ತೆ...

ಗೊತ್ತಿದ್ದೇ ತಿರುಗಿಸಿದೆ.

ಜೀಪು ಎಮ್ಮೆ ನಡಿಗೆಯಲ್ಲಿ ದಾಟಿತು. ಬದಿಯಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಏರೋಪ್ಲೇನು ನೋಡಿ ಕೈ ಮುಗಿದಳು!

ಕನ್ನಡಿ ನೋಡಿದೆ. ಕೆಂಪು ಕಾರು ಅದೇ ಸ್ಪೀಡಲ್ಲಿ ನುಗ್ಗಿತು. ಬ್ರೇಕ್ ಹಾಕಿತು. ಜಾರಿತು. ಒಂದು ಸುತ್ತು ತಿರುಗಿ ನಿಂತಿತು.

ಅಡಿಯಿಂದ ಹೊಗೆ... ಆಮೇಲೆ ಬೆಂಕಿ!

"ಅಯ್ಯೋ, ನನ್ ಉರ್ಳೀ!" ಹೆಂಗಸು ಕಿರುಚಿದಳು. ಮರುಕ್ಷಣ ಮೊರ ಬಿಸಾಕಿ ಓಡಿದಳು. "ಉರ್ಳಿ ಆಳಾಗೋಗ್ಲಿ, ಬನ್ರಲಾ! ನಮ್ ಸೋಮಮ್ಮನ ಮಗ ಸಂತೋಸ ಕಣ್ರಲಾ ಒಳಗಿರೋನು!"

ನನ್ನ ಕಾಲು ಬ್ರೇಕ್ ಮೇಲೆ ಹೋಯಿತು.

ಈ ಊರಿನವನೇ? ಹಂಗಾದ್ರೆ ಹುರುಳಿ ಮೇಲೆ ಹೇಗೆ ಓಡಿಸಬೇಕು ಅನ್ನೋದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನುಗ್ಗಿದ!

ಕದಿಯೋಕೆ ಬಂದವನು ಹಂಗೆ ನುಗ್ಗಲ್ಲ ಸಾರ್.

"ನಿಲ್ಲಿಸಬೇಡಿ!" ಅಂದರು ಮೇಡಂ.

ಇಳಿದು ಓಡಿದೆ. ಬಾಗಿಲು ಕಚ್ಚಿಕೊಂಡಿತ್ತು. ಕಲ್ಲಲ್ಲಿ ಗಾಜು ಒಡೆದು ಸಂತೋಷನನ್ನು ಆಚೆಗೆ ಎಳೆದೆವು. ಬಲಗೈ ಮೊಣಕೈವರೆಗೂ ಬೆಂದಿತ್ತು. ಆ ಕೈಯಲ್ಲೇ ನನ್ನ ಕಾಲರ್ ಹಿಡಿದ.

"ಎಡಗಡೆ ರೆಕ್ಕೆ ಪಿನ್ನು... ಬಿರುಕು ಬುಟ್ಟೈತೆ ಕಣ್ಲಾ. ಮೇಲಕ್ಕೋದ್ರೆ ರೆಕ್ಕೆ ಮಡಚ್ಕತದೆ. ಅವ್ಳಿಗೆ ಏಳ್ದೆ. ನನ್ನೇ ಆಚೆಗಾಕುದ್ಲು."

"ಕೊಂಡ್ಕೊಳೋ ಹುಡುಗೀಗೆ ಫೋನ್ ಮಾಡ್ಬಾರ್ದಿತ್ತೇನ್ಲಾ?"

"ಯಾರು ಅಂತ ಗೊತ್ತಿದ್ರಲ್ವೇನ್ಲಾ..."

ಜೀಪಿಗೆ ಬಂದು ಗಂಟು ಬಿಚ್ಚಿದೆ. ಹೆಬ್ಬೆರಳು ದಪ್ಪದ ಎರಡು ಪಿನ್ನು. ಒಂದು ಹಳೇದು, ಮಾಸಿದ್ದು. ಇನ್ನೊಂದು ಬೆಳ್ಳಿ ಬಣ್ಣದಲ್ಲಿ ಫಳಫಳ! ಉಗುರಲ್ಲಿ ಕೆರೆದೆ. ಹಸಿ ಬಣ್ಣ ಸಿಪ್ಪೆ ಥರ ಎದ್ದು ಬಂತು. ಅಡಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ... ಪಿನ್ನಿನ ಸುತ್ತ.

"ಗೊತ್ತಿತ್ತಾ ಮೇಡಂ?"

"ಒಂದು ರೌಂಡು ತಡೆಯುತ್ತೆ."

"ಎರಡನೇ ರೌಂಡು?"

"ಅಷ್ಟು ಹೊತ್ತಿಗೆ ಅದು ಅವಳ ಪ್ಲೇನು."

ದನಿ ಒಂಚೂರೂ ಅಲುಗಲಿಲ್ಲ. ನಾನು ಯಾರ ದನಿ ಬೇಕಾದರೂ ತೆಗೀತೀನಿ ಸಾರ್. ಆ ದನಿ ಇವತ್ತಿಗೂ ಬಂದಿಲ್ಲ.

"ನಿಮ್ಮ ಕೆಲಸ ಸಾಗಿಸೋದು ಮಂಜಣ್ಣ. ಸಾಗಿಸಿ."

"ಆಯ್ತು ಮೇಡಂ."

ಬಿರುಕಿನ ಪಿನ್ನು ನನ್ನ ಜೇಬಿಗೆ ಹೋಯಿತು. ಸಂತೋಷನನ್ನು ಹಿಂದಿನ ಸೀಟಿಗೆ ಹತ್ತಿಸಿ ಕೆ.ಆರ್.ಪೇಟೆ ಆಸ್ಪತ್ರೆಗೆ ಬಿಟ್ಟೆ. 

ರನ್‌ವೇ ಪಕ್ಕ ಕೀರ್ತನ ನಿಂತಿದ್ದಳು. ಕಣ್ಣಲ್ಲೇ ಅರ್ಧ ಹಾರಿಬಿಟ್ಟಿದ್ದಳು!

"ರೆಕ್ಕೆ ಬಿಚ್ಚೋಣ್ವಾ ಅಣ್ಣಾ?"

ಪಿನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ. ಗೆರೆ ತೋರಿಸಿದೆ. ಅವಳು ಬೆರಳಲ್ಲಿ ಉಜ್ಜಿ ನೋಡಿದಳು. ಜೀಪಿನ ಕಡೆ ನೋಡಿದಳು. ಮೇಡಂ ಇಳಿಯಲೇ ಇಲ್ಲ. ಪಿನ್ನು ನನಗೇ ವಾಪಸ್ ಕೊಟ್ಟು, ಬೆರಳಿಗಂಟಿದ ಬೆಳ್ಳಿಯನ್ನ ಪ್ಯಾಂಟಿಗೆ ಒರೆಸಿಕೊಂಡು, ನಡೆದುಬಿಟ್ಟಳು.

ಮೇಡಂ ಈಗ ಬೇರೆ ಪಿನ್ನು ಹುಡುಕ್ತಿದಾರಂತೆ. ಸಂತೋಷನ ಬಲಗೈ ಬೆರಳು ಇನ್ನೂ ಮಡಚೋಕೆ ಬರ್ತಿಲ್ಲ. ಆ ದಾರಿಗೆ ಗಾಡಿ ತಿರುಗಿಸಿದ್ದು ಯಾರು ಅಂತ ಅವನು ಒಂದು ಸಲವೂ ಕೇಳಿಲ್ಲ.

ಕೇಳಿದ್ದರೆ ಚೆನ್ನಾಗಿತ್ತು.

ಆ ಪಿನ್ನಾ? ನಮ್ಮ ಕೊಟ್ಟಿಗೆ ಬಾಗಿಲ ಚಿಲಕಕ್ಕೆ ಸಿಗಿಸಿದೀನಿ ಸಾರ್... ಇಲ್ಲಿವರೆಗೂ ಎಮ್ಮೆ ಹಾರಿಲ್ಲ.