ಬರ್ಲಿ, ಬರ್ಲಿ

ಬೆಳಿಗ್ಗೆ ಎಂಟೂ ಹತ್ತಕ್ಕೆ ಲಾರಿಯೊಂದು ಠಾಣೆಯೆದುರು ಹೆಂಗಸೊಬ್ಬರನ್ನು ಇಳಿಸಿ ಹೋಯಿತು. ಆಕೆಯ ದೂರು ಚಿಕ್ಕದು. ಬೆಟ್ಟದ ರಸ್ತೆಯ ವ್ಯೂ ಪಾಯಿಂಟಿನಲ್ಲಿ ಬ್ರೇಕ್ ಹಿಡಿಯದೆ ತಮ್ಮ ಕ್ಯಾರವಾನ್, ಮನೆಯಂಥ ಗಾಡಿ, ಹಿಂದಕ್ಕೆ ಜಾರಿ ಕಣಿವೆಗೆ ಬಿತ್ತು, ಒಳಗೆ ಯಜಮಾನರಿದ್ದರು, ತಾನು ದೂರದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಆಕೆ ಅಳಲಿಲ್ಲ. ಇನ್ಸ್‌ಪೆಕ್ಟರ್ ಎಫ್‌ಐಆರ್ ಬರೆಸಿದರು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಆ ರಸ್ತೆಯ ಚೆಲುವು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಪೊಲೀಸರ ಪಾಲಿಗೆ ಅಲ್ಲಿ ಸಿಗುವುದು ಹೆಣವೇ. ಮಗುಚಿದ ಕ್ಯಾರವಾನಿನ ಗೇರ್ ರಿವರ್ಸ್‌ನಲ್ಲಿತ್ತು. ಹಿಂದಿನ ಗಾಜಿಗೆ ಅಡ್ಡವಾಗಿ ಹಾಸಿಗೆ, ಕುರ್ಚಿ ಪೇರಿಸಿ ಕಟ್ಟಿದ್ದರು. ಬ್ರೇಕಿಗೆ ಏನೂ ಆಗಿಲ್ಲ ಎಂದು ಮೆಕ್ಯಾನಿಕ್ ಹೇಳಿದಾಗ, ನಮ್ಮ ಜೀಪಿಗೂ ಇಂಥದ್ದೇ ಇರಬಾರದಿತ್ತೇ ಎಂದು ದಫೇದಾರ ಗೊಣಗಿದ.

ವಾಪಸು ಹೊರಡಲು ಇನ್ಸ್‌ಪೆಕ್ಟರ್ ಜೀಪು ಹಿಂದಕ್ಕೆ ಬಿಟ್ಟರು. ದಫೇದಾರ ಎಂದಿನಂತೆ ಹಿಂದೆ ನಿಂತು ಕೈ ಬೀಸಿದ.

"ಬರ್ಲಿ, ಬರ್ಲಿ, ಬರ್ಲಿ... ಸಾಕು."

ಬ್ರೇಕ್ ಒತ್ತಿದ ಇನ್ಸ್‌ಪೆಕ್ಟರ್ ಹಾಗೇ ಕೂತುಬಿಟ್ಟರು. ಹಿಂದೇನೂ ಕಾಣದ ಅಷ್ಟುದ್ದದ ಗಾಡಿಯನ್ನು ಕಣಿವೆಯ ಕಡೆಗೆ ಯಾರೂ ತಮ್ಮಷ್ಟಕ್ಕೆ ಬಿಡುವುದಿಲ್ಲ. ಇಳಿದು ಹೋಗಿ ಚಾಲಕನ ಬದಿಯ ಅಂಚಿನ ಹಸಿಮಣ್ಣು ನೋಡಿದರು. ಅಲ್ಲಿ ಚಪ್ಪಲಿ ಗುರುತುಗಳಿದ್ದವು, ಗಾಡಿಯತ್ತ ಮುಖ ಮಾಡಿ ನಿಂತವರದ್ದು. ಠಾಣೆಗೆ ಮರಳಿ ಹೋಲಿಸಿದಾಗ ಅಳತೆ ಆಕೆಯ ಚಪ್ಪಲಿಗೆ ತಾಳೆಯಾಯಿತು.

ಆ ಗುರುತಿನ ಫೋಟೋ ಆಕೆಯ ಮುಂದಿಟ್ಟರು.

"ಅಮ್ಮಾ, ಹಿಂದೆ ನಿಂತು ಕೈ ಬೀಸ್ತಿದ್ದವರು ಯಾರು?"

"ನಾನೇ. ಯಾವಾಗ್ಲೂ ನಾನೇ."

ಆಮೇಲೆ ಆಕೆ ತಡೆಯಿಲ್ಲದೆ ಹೇಳಿದರು. ನಿವೃತ್ತರಾದ ಮೇಲೆ ಯಜಮಾನರಿಗೆ ಸುತ್ತುವ ಹುಚ್ಚು. ತುಂಬು ಬಸುರಿ ಮಗಳು ಬಾ ಅಮ್ಮಾ ಎಂದು ಎರಡು ವಾರದಿಂದ ಕರೆಯುತ್ತಿದ್ದಳು. ಇವರದು ಇನ್ನೊಂದೇ ವ್ಯೂ ಪಾಯಿಂಟ್, ಇನ್ನೊಂದೇ. ಇಂದು ಬೆಳಿಗ್ಗೆ ಆಕೆ ಅಂಚಿನಲ್ಲಿ ನಿಂತು ಕೈ ಬೀಸುತ್ತಿದ್ದಾಗಲೇ ಅಳಿಯನ ಫೋನ್ ಬಂತು: ಹೆರಿಗೆಯಲ್ಲಿ ಮಗಳು ಹೋದಳು.

ಇನ್ಸ್‌ಪೆಕ್ಟರ್ ಫೋಟೋ ಮಗುಚಿಟ್ಟರು. "ಆ ಗಾಬರೀಲಿ ಸಾಕು ಅನ್ನೋದು ಮರೆತ್ರಾ?"

"ಇಲ್ಲ ಸಾರ್. ಬಾಯಿಗೆ ಬಂತು, ನುಂಗ್ಕೊಂಡೆ. ಎರಡು ವಾರ ಸಾಕು, ಸಾಕು ಅಂದಿದ್ದೆ. ಆಗ ನಿಲ್ಲಿಸ್ಲಿಲ್ಲ."

ಸಂಜೆ ನಾಲ್ಕೂ ಇಪ್ಪತ್ತಕ್ಕೆ ದಸ್ತಗಿರಿ ದಾಖಲಾಯಿತು. ಮಗಳ ಮುಖ ನೋಡಬಹುದೇ ಎಂದು ಆಕೆ ಕೇಳಿದ್ದಕ್ಕೆ, ಮ್ಯಾಜಿಸ್ಟ್ರೇಟರನ್ನು ಕೇಳೋಣ ಎಂದಷ್ಟೇ ಹೇಳಲು ಇನ್ಸ್‌ಪೆಕ್ಟರಿಗೆ ಸಾಧ್ಯವಾಯಿತು.

ಮಹಿಳಾ ಪೇದೆಯ ಜೊತೆ ಆಕೆಯನ್ನು ಕೂರಿಸಿಕೊಂಡು ಜೀಪು ಹಿಂದಕ್ಕೆ ಬಿಟ್ಟಾಗ, ಹಿಂದೆ ನಿಂತ ದಫೇದಾರ ಈ ಸಲ ಬರ್ಲಿ ಅನ್ನಲಿಲ್ಲ. ಸುಮ್ಮನೆ ಕೈ ಆಡಿಸಿದ. ಆಕೆ ರೂಢಿಯಂತೆ ಕತ್ತು ಹೊರಳಿಸಿ, ಹಿಂದೆ ಹತ್ತಿರವಾಗುತ್ತಿದ್ದ ಕಾಂಪೌಂಡ್ ಗೋಡೆಯ ಕಡೆ ನೋಡಿದರು.

"ಸಾಕು," ಎಂದರು.

ಇನ್ಸ್‌ಪೆಕ್ಟರ್ ತಕ್ಷಣ ನಿಲ್ಲಿಸಿದರು.