ನಲವತ್ತು ಕೀಗಳ ಸಪ್ಪಳ

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಮಂಜುಳಾ ಕಂಪ್ಯೂಟರ್ ಹಚ್ಚಿದಳು. ಹಸ್ತಪ್ರತಿಯ ಮೊದಲ ಸಾಲು ಟೈಪ್ ಮಾಡಿದಳು. ಕೈ ನಿಂತಿತು.

ಏನೂ ಕೇಳಿಸಲಿಲ್ಲ.

ಎಂಟರ್ ಒತ್ತಿದಳು. ಟಿಕ್.

ಇನ್ನೊಂದು ಸಾಲು. ಮೌನ. ಎಂಟರ್. ಟಿಕ್.

"ದುರ್ಗೇಶಣ್ಣ, ಇಲ್ಲಿ ಕಳುವಾಗೈತಿ" ಎಂದಳು.

ನಾನು ಗಾಬರಿಯಿಂದ ಎದ್ದೆ. ಕಂಪ್ಯೂಟರ್ ಇತ್ತು. ಪ್ರಿಂಟರ್ ಇತ್ತು. ಗೋಡೆಯ ಗಡಿಯಾರವೂ ಇತ್ತು.

"ಏನ ಹೋಗೇತವಾ?"

"ಸಪ್ಪಳ."

ಪಕ್ಕದ ಟೇಬಲ್ಲಿನ ನಯಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ನಡಿ, ಸ್ಟೇಷನ್ನಿಗೆ ಹೋಗಿ ಬರಸೂಣು. ಕಳುವಾದ ಮಾಲು, ಟಿಕ್ ಟಿಕ್. ಬಣ್ಣ ಇಲ್ಲ. ತೂಕ ಇಲ್ಲ. ಕಂಡವರು ಯಾರೂ ಇಲ್ಲ, ಕೇಳಿದವರು ಅದಾರ!"

ಮಂಜುಳಾ ನಗಲಿಲ್ಲ. ಅವಳ ಕಣ್ಣು ತುಂಬಿದ್ದವು. ಅದನ್ನು ನೋಡಿ ನಯಾಜ ನಗು ನಿಲ್ಲಿಸಿ ಎದ್ದು ಬಂದ.

* * *

ನಮ್ಮದು ಬೆಟಗೇರಿಯ ಒಂದು ಡಿಟಿಪಿ ಅಂಗಡಿ. ಮಾಲೀಕರು ವಿರೂಪಾಕ್ಷಪ್ಪ. ಊರಿಗೆಲ್ಲ ಮಾಸ್ತರು. ಇದೇ ಜಾಗದಲ್ಲಿ ಅವರು ನಲವತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿದ್ದರು. ಈಗ ಮಂಜುಳಾ ಪುಸ್ತಕ ಟೈಪ್ ಮಾಡುತ್ತಾಳೆ. ನಯಾಜ ಮದುವೆ ಕಾರ್ಡು, ಮದುವೆ ವಿಡಿಯೋ ಮಾಡುತ್ತಾನೆ. ನಾನು ಕರಡು ತಿದ್ದುತ್ತೇನೆ. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಒಂದು ಪುಟವನ್ನು ಮೂರು ಸಲ ಓದದೆ ಬಿಡುವುದಿಲ್ಲ. ಒಮ್ಮೆ ಒಂದು ಮದುವೆ ಕಾರ್ಡಿನಲ್ಲಿ ವಾರ ತಪ್ಪಿ, ಬೀಗರು ಒಂದು ದಿನ ಮೊದಲೇ ಬಂದು ಕುಳಿತಿದ್ದರು. ಅಂದಿನಿಂದ ಈ ರೋಗ.

ಆ ಕೀಬೋರ್ಡ್ ಮಂಜುಳಾಳ ಸ್ವಂತದ್ದು. ಮೆಕ್ಯಾನಿಕಲ್ ಕೀಬೋರ್ಡ್‌ಗಳಲ್ಲೇ ಅಗ್ಗದ್ದು. ಪ್ರತಿ ಕೀ ಕೆಳಗೂ ಒಂದು ಪುಟ್ಟ ಸ್ವಿಚ್. ಚಿಮಟಿಗೆಯಿಂದ ಕಿತ್ತು ಬೇರೆಯದನ್ನು ಕೂಡಿಸಬಹುದು. ಮಾಸ್ತರ ಮೊಮ್ಮಗಳು ಅಂಕಿತಾ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ರಜೆಗೆ ಬಂದಾಗ ಇದನ್ನೆಲ್ಲ ಕಲಿಸಿದ್ದು ಅವಳೇ. ಇಬ್ಬರೂ ಕೂಡಿ ಕೀಬೋರ್ಡಿನ ಹೊಟ್ಟೆ ಬಿಚ್ಚಿದ್ದರು. ಹೊಸ ಮಿಕ್ಸರ್ ಡಬ್ಬಿಯ ಫೋಮು ಕತ್ತರಿಸಿ ಒಳಗೆ ಹಾಸಿದ್ದರು. ಗಡಗಡ ಅನ್ನುತ್ತಿದ್ದ ಸ್ಪೇಸ್ ಬಾರಿನ ತಂತಿಗೆ ವ್ಯಾಸಲಿನ್ ಸವರಿದ್ದರು. ಕೊನೆಗೆ ನೂರಾನಾಲ್ಕು ಕೀಗಳಿಗೂ ಟಿಕ್ ಎನ್ನುವ ನೀಲಿ ಸ್ವಿಚ್ ಕೂಡಿಸಿದ್ದರು.

ಮಾಸ್ತರು ಅವತ್ತೇ ಮೂಗು ಮುರಿದಿದ್ದರು. "ಅಕ್ಷರ ಮೂಡಿದ್ರ ಸಾಕು. ಸಪ್ಪಳಕ್ಕ ಯಾರರ ರೊಕ್ಕ ಕೊಡ್ತಾರೇನವಾ?"

ಆದರೆ ಮಂಜುಳಾಳಿಗೆ ಸಪ್ಪಳವೇ ಕಣ್ಣು. ಅವಳ ದೃಷ್ಟಿ ಹಸ್ತಪ್ರತಿಯ ಮೇಲಿರುತ್ತದೆ, ಪರದೆ ನೋಡುವುದೇ ಇಲ್ಲ. ಟಿಕ್ ಅಂದರೆ ಅಕ್ಷರ ಬಿತ್ತು. ಅನ್ನದಿದ್ದರೆ ಬಿದ್ದಿಲ್ಲ.

ಮರುದಿನ ಮಂಗಳವಾರ ಹನ್ನೊಂದಕ್ಕೆ ಧಾರವಾಡದಿಂದ ಪ್ರಕಾಶಕರ ಕಡೆಯ ಬೀರಲಿಂಗಪ್ಪ ಬರುವವರಿದ್ದರು. ಹನ್ನೆರಡು ಸಂಪುಟದ ಕೆಲಸ. ಅದಕ್ಕೊಂದು ಪರೀಕ್ಷೆ. ಎರಡು ತಾಸು, ಹದಿನಾರು ಪುಟ, ಐದು ತಪ್ಪಿನೊಳಗೆ ಮುಗಿಸಬೇಕು. ಗೆದ್ದರೆ ಮಂಜುಳಾಳ ನೌಕರಿ ಖಾಯಂ. ಸೋತರೆ ಮುಂದಿನ ತಿಂಗಳಿಂದ ಅರ್ಧ ದಿನದ ಕೆಲಸ. ಅರ್ಧ ದಿನಕ್ಕಾಗಿ ಕಳಸಾಪುರದಿಂದ ಬಸ್ಸಿಗೆ ಬರುವುದು ಗಿಟ್ಟುವುದಿಲ್ಲ ಎಂದು ಅವಳ ಅಪ್ಪ ಆಗಲೇ ಹೇಳಿದ್ದ.

"ಒಂದು ಪುಟ ಹೊಡದು ನೋಡವಾ" ಎಂದೆ.

ಹೊಡೆದಳು. ನಾನು ತಿದ್ದಿದೆ. ಒಂದೇ ಪುಟದಲ್ಲಿ ಒಂಬತ್ತು ತಪ್ಪು. ಮೂರು ಸಲ ಎಣಿಸಿದೆ. ಒಂಬತ್ತೇ.

* * *

ನಾನು ಒಂದು ಹಾಳೆ ತೆಗೆದುಕೊಂಡು ಕೀಬೋರ್ಡಿನ ಮುಂದೆ ಕುಳಿತೆ. ಒಂದೊಂದೇ ಕೀ ಒತ್ತಿದೆ. ಮೂಕವಾದವಕ್ಕೆ ಸೊನ್ನೆ, ಮಾತಾಡುವವಕ್ಕೆ ಗೀಟು.

ಮೂಕವಾಗಿದ್ದು ಸರಿಯಾಗಿ ನಲವತ್ತು. ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳು. ಎರಡರಿಂದ ಒಂಬತ್ತರವರೆಗಿನ ಅಂಕಿ. ಸ್ಪೇಸ್, ಎರಡೂ ಶಿಫ್ಟ್, ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ. ಕೀಗಳ ಮುಚ್ಚಳ ಎತ್ತಿ ನೋಡಿದರೆ ನೀಲಿ ಸ್ವಿಚ್ ಇರಬೇಕಾದಲ್ಲಿ ಬಿಳಿ ಸ್ವಿಚ್. ಯಾರೋ ಕಿತ್ತು ಬದಲಿಸಿದ್ದಾರೆ. ಕೈ ಅಚ್ಚುಕಟ್ಟು. ಸ್ವಿಚ್ಚಿನ ಒಂದು ತಂತಿಕಾಲೂ ಸೊಟ್ಟಗಾಗಿಲ್ಲ.

ಶನಿವಾರ ಸಂಜೆಯವರೆಗೆ ಸಪ್ಪಳ ಇತ್ತು. ಭಾನುವಾರ ಅಂಗಡಿಗೆ ರಜೆ. ಬಾಗಿಲ ಕೀಲಿ ಇಬ್ಬರ ಬಳಿ ಮಾತ್ರ. ಮಾಸ್ತರು ಮತ್ತು ನಯಾಜ.

"ನಯಾಜ, ನಿನ್ನೆ ಬಂದಿದ್ದೇನು?"

"ಬಂದಿದ್ನಿ. ನಾಕ ಗಂಟೇಕ. ಮುಂಡರಗಿ ಮದುವಿ ವಿಡಿಯೋಕ್ಕ ಧ್ವನಿ ಹಾಕೂದಿತ್ತು." ತಟ್ಟನೆ ಅವನ ಮುಖ ಬದಲಾಯಿತು. "ಅಣ್ಣಾ, ನನ್ನ ಮ್ಯಾಲ ಸಂಶೇನು?"

"ಅಲ್ಲಪಾ... ನೀನ ಅಂತಿದ್ದಿ. ಈ ಟಿಕ್ ಟಿಕ್ ನನ್ನ ರೆಕಾರ್ಡಿಂಗಿನ್ಯಾಗ ಬರತೈತಿ, ತಗಡಿನ ಮ್ಯಾಲ ಆಲಿಕಲ್ಲು ಬಿದ್ದಂಗ ಅಂತ."

"ಅಂದೀನಿ. ದಿನಾ ಅಂದೀನಿ. ಬಾಯಿ ಮಾಡಾವ ಕಳವು ಮಾಡತಾನೇನು? ಕಳವು ಮಾಡಾವ ಬಾಯಿ ಮಾಡಂಗಿಲ್ಲ!" ಮಂಜುಳಾಳತ್ತ ತಿರುಗಿದ. "ನಿನ್ನ ಕೀಬೋರ್ಡ್ ಮುಟ್ಟಿದ್ರ ನನ್ನ ಕೈ ಸೇದಿಹೋಗಲಿ. ಖರೆ ಹೇಳ್ತೀನಿ ತಂಗಿ."

ನನ್ನ ಕಿವಿ ಬಿಸಿಯಾದವು. ಆರು ವರ್ಷ ಒಂದೇ ಬುತ್ತಿಯಿಂದ ರೊಟ್ಟಿ ಮುರಿದವನನ್ನು ಒಂದು ಹಾಳೆಯ ಬಲದ ಮೇಲೆ ಕಳ್ಳ ಅನ್ನಲು ಹೊರಟಿದ್ದೆ. "ತಪ್ಪಾತು ನಯಾಜ" ಎಂದೆ.

"ತಪ್ಪಾತಂದ್ರ ಮುಗೀತೇನು? ಮಿರ್ಚಿ ತರಸು." ಏನೋ ನೆನಪಾದವನಂತೆ ಹೆಡ್‌ಫೋನ್ ಎತ್ತಿ ನನ್ನ ಕಿವಿಗೆ ಹಾಕಿದ. "ಅದಕಿನ್ನ ಮೊದಲ ಇದನ್ನ ಕೇಳು. ನಿನ್ನೆ ನಾಕ ಗಂಟೇದು. ನಾ ಒಬ್ನ ಇದ್ನಿ."

ನಯಾಜನ ಗಂಭೀರ ದನಿ: "ನೂತನ ವಧೂವರರು..." ಅದರ ಹಿಂದೆ, ಬಹಳ ದೂರದಿಂದ, ಟಿಕ್... ಟಿಕ್... ಟಿಕ್... ಟಿಕ್.

ಸಪ್ಪಳ ಕಳುವಾಗಿ ಊರು ಬಿಟ್ಟಿರಲಿಲ್ಲ. ಎಲ್ಲೋ ಹತ್ತಿರವೇ ಬಾಳುವೆ ಮಾಡುತ್ತಿತ್ತು.

ಇನ್ನೊಮ್ಮೆ ಕೇಳಿದೆ. ಮೂರನೇ ಸಲವೂ ಕೇಳಿದೆ. ನಾಲ್ಕು ಟಿಕ್, ಸಣ್ಣ ಬಿಡುವು. ಮತ್ತೆ ನಾಲ್ಕು ಟಿಕ್, ಬಿಡುವು. ಪತ್ರ ಬರೆಯುವವರು ಹಾಗೆ ಒತ್ತುವುದಿಲ್ಲ. ಎಡಗೈಯ ನಾಲ್ಕು ಬೆರಳು, ಆಮೇಲೆ ಬಲಗೈಯ ನಾಲ್ಕು ಬೆರಳು. ಟೈಪಿಂಗ್ ಕ್ಲಾಸಿನ ಮೊದಲನೆಯ ಪಾಠ ಅದು.

* * *

ಮಂಜುಳಾ ಅಂಕಿತಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಸ್ವಿಚ್ ಕೀಳುವ ವಿದ್ಯೆ ನಮ್ಮಲ್ಲಿ ಇವರಿಬ್ಬರಿಗೇ ಗೊತ್ತು ಎಂದುಕೊಂಡಿದ್ದೆವು. ಆದರೆ ಅಂಕಿತಾ ಹದಿನೈದು ದಿನದಿಂದ ಹುಬ್ಬಳ್ಳಿಯ ಹಾಸ್ಟೆಲಿನಲ್ಲೇ ಇದ್ದಳು.

ನಾನು ಪಟ್ಟಿ ಓದಿದೆ. ಅವಳು ನಗತೊಡಗಿದಳು.

"ಅಂಕಲ್, ಎಂಟರ್ ಬಿಟ್ಟಾರ? ಬ್ಯಾಕ್‌ಸ್ಪೇಸೂ ಬಿಟ್ಟಾರ? ದಿನಾ ಎಲ್ಲಾರ್ಕಿಂತ ಜಾಸ್ತಿ ಬಡಿಸ್ಕೊಳ್ಳೂದು ಅವ ಎರಡು. ಕಂಪ್ಯೂಟರ್ ಕಲ್ತವರು ಯಾರೂ ಅವನ್ನ ಬಿಡಂಗಿಲ್ರಿ. ಅದಲ್ದ ಅಂಕ್ಯಾಗ ಒಂದರ ಕೀ ಇಲ್ಲ, ಸೊನ್ನೀದೂ ಇಲ್ಲ ಅಂತೀರಿ. ಇದ್ಯಾವ ಲೆಕ್ಕ?"

ನನಗೆ ಆ ಲೆಕ್ಕ ಎಲ್ಲೋ ಕಂಡಂತಿತ್ತು. ಕಪಾಟು ತೆರೆದು ಹಳೆಯ ಕರಡಿನ ಕಟ್ಟು ಬಿಚ್ಚಿದೆ. ನಾಲ್ಕಾರು ವರ್ಷದ ಹಾಳೆಗಳು. ಅದರಲ್ಲಿ ಒಬ್ಬರು ಟೈಪ್ ಮಾಡಿದ ಪುಟಗಳಲ್ಲಿ ಒಂದೇ ತಪ್ಪನ್ನು ನಾನು ಮತ್ತೆ ಮತ್ತೆ ತಿದ್ದಿದ್ದೆ. ಎರಡು ಸಾವಿರದ ಹತ್ತೊಂಬತ್ತು ಎಂಬ ಇಸವಿ ಇರಬೇಕಾದಲ್ಲಿ "2ಓಲ9" ಎಂದಿತ್ತು. ಮೇಲೆ ನನ್ನ ಕೆಂಪು ಶಾಯಿ.

ಆ ಹಾಳೆಯನ್ನು ಮಡಚಿ ಜೇಬಿಗಿಟ್ಟೆ.

"ಯಾರಣ್ಣಾ?" ಎಂದಳು ಮಂಜುಳಾ.

"ತಡಿಯವಾ. ಖಾತ್ರಿ ಮಾಡ್ಕೊಂಡು ಹೇಳ್ತೀನಿ. ಬೆಳಗಿನಿಂದ ಒಬ್ಬನ ಮನಸ ನೋಯಿಸೇನಿ, ಸಾಕು."

* * *

ಅಂಗಡಿಯ ಹಿಂದೆ ಪುಟ್ಟ ಹಿತ್ತಲು. ಅದರಾಚೆ ಮಾಸ್ತರ ಮನೆ. ನಾವು ಮೂವರೂ ಹೋದೆವು. ಹಿತ್ತಲ ನಡುವೆ ನಯಾಜ ನಿಂತ. ಬೆರಳೆತ್ತಿದ.

ಟಿಕ್, ಟಿಕ್, ಟಿಕ್, ಟಿಕ್.

ಪಡಸಾಲೆಯಲ್ಲಿ ಸಾವಿತ್ರೆವ್ವ ಕುಳಿತಿದ್ದರು, ಮಾಸ್ತರ ಹೆಂಡತಿ. ಎರಡು ವರ್ಷದಿಂದ ಅವರಿಗೆ ಬೆಳಕು-ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಮುಂದೆ ಮಣೆ. ಮಣೆಯ ಮೇಲೆ ಹೊಸ ಕೀಬೋರ್ಡ್, ಅದರ ತಂತಿ ಮೂಲೆಯ ಹಳೆಯ ಕಂಪ್ಯೂಟರಿಗೆ. ಅದರಲ್ಲಿ ನಲವತ್ತು ಕೀಗಳು ಮಾತ್ರ. ಉಳಿದ ಕಡೆಯೆಲ್ಲ ಖಾಲಿ ತೂತು, ಹಲ್ಲು ಬಿದ್ದ ಬಾಯಿಯ ಹಾಗೆ. ಪಕ್ಕದಲ್ಲಿ ಮಾಸ್ತರು. ಕೈಯಲ್ಲಿ ಸ್ವಿಚ್ ಕೀಳುವ ಚಿಮಟಿಗೆ.

"ಯಾರು?" ಎಂದರು ಸಾವಿತ್ರೆವ್ವ. "ಒಂದ ಹೆಜ್ಜಿ ಅಂಜಿ ಅಂಜಿ ಇಡಾಕತ್ತೇತಿ. ದುರ್ಗೇಶ ಬಂದಾನ."

ಮಾಸ್ತರು ಚಿಮಟಿಗೆ ಕೆಳಗಿಟ್ಟರು. "ಹೆಂಗ ಗೊತ್ತಾತೋ?"

"ಮಾಸ್ತರ್ರ, ನೀವು ಟೈಪ್ ಕಲ್ತ ಮಷೀನಿನ್ಯಾಗ ಒಂದರ ಕೀ ಇತ್ತೇನ್ರಿ?"

"ಎಲ್ಲೀದು? ಸಣ್ಣ ಎಲ್ ಹೊಡದ್ರ ಒಂದು. ದೊಡ್ಡ ಓ ಹೊಡದ್ರ ಸೊನ್ನಿ."

"ಎಂಟರ್?"

"ಟೈಪ್‌ರೈಟರಿಗೆಲ್ಲೀ ಎಂಟರೋ? ಸಾಲು ಮುಗದ ಮ್ಯಾಲ ಬದೀಗಿನ ಹಿಡಿಕಿ ಹಿಡದು ಜಗ್ಗೂದು." ಹೇಳುತ್ತಲೇ ಅವರಿಗೆ ಅರ್ಥವಾಯಿತು. ಹಣೆ ಹಣೆ ಬಡಿದುಕೊಂಡರು.

"ಅಳಿಸೂದೂ ಇರಲಿಲ್ಲ" ಎಂದೆ. "ಅದಕ್ಕ ಕಳ್ಳ ಎಂಟರ್ ಬಿಟ್ಟ, ಬ್ಯಾಕ್‌ಸ್ಪೇಸ್ ಬಿಟ್ಟ, ಒಂದರ ಕೀನೂ ಸೊನ್ನೀ ಕೀನೂ ಬಿಟ್ಟ. ಕಂಪ್ಯೂಟರಿನ್ಯಾಗ ಕನ್ನಡ ಹೊಡಿಯುವಾಗ ಎಲ್ ಕೀ ಒತ್ತಿದ್ರ ಲ ಬೀಳತೈತಿ, ದೊಡ್ಡ ಓ ಒತ್ತಿದ್ರ ಓ ಬೀಳತೈತಿ; ಹಂಗಾಗಿ ನಿಮ್ಮ ಕರಡಿನ್ಯಾಗ ಇಸವಿ ಯಾವತ್ತೂ ಓಲ ಅಂತ ಬರತೈತ್ರಿ. ಬೆರಳಿಗೆ ಆ ಕೀ ಅದಾವಂತನ ಗೊತ್ತಿಲ್ಲ. ಟೈಪ್‌ರೈಟರ್ ಬಿಚ್ಚಿ ಜೋಡಿಸಿದ ಕೈ ನಿಮ್ದು, ಒಂದು ಸ್ವಿಚ್ಚೂ ಸೊಟ್ಟಾಗಿಲ್ಲ. ಬಾಗಲ ಕೀಲಿನೂ ನಿಮ್ಮ ಹತ್ರನ ಐತಿ. ನಯಾಜನ ರೆಕಾರ್ಡಿಂಗಿನ್ಯಾಗ ಕೇಳಿದ್ದು ನಿಮ್ಮ ಕ್ಲಾಸಿನ ಮೊದಲನೇ ಪಾಠ. ಆದ್ರ ಯಾಕಂತ ಮಾತ್ರ ತಿಳೀಲಿಲ್ರಿ."

ಮಾಸ್ತರು ಹೆಂಡತಿಯ ಕಡೆ ನೋಡಿದರು. "ಈಕಿ ನನ್ನ ಕ್ಲಾಸಿನ ಮೊದಲನೇ ಹುಡುಗಿ. ಆಮ್ಯಾಲ ಲಗ್ನಾತು. ತವರೂರು ಯಳವತ್ತ್ಯಾಗ ಇವರವ್ವ ಹಾಡತಿದ್ದ ಬೀಸೂ ಪದಾ ಎಲ್ಲಾ ಈಕಿ ತಲ್ಯಾಗ ಅದಾವು. ಬರದಿಡ್ತೀನಿ ಅಂದ್ಲು. ಕಣ್ಣಿಲ್ಲಲ್ಲ, ಸಪ್ಪಳ ಇದ್ರ ಹೊಡೀತಾಳ. ಅದಕ್ಕ ಫೋನಿನ್ಯಾಗ ಸ್ವಿಚ್ಚಿಲ್ಲದ ಖಾಲಿ ಕೀಬೋರ್ಡ್ ತರಿಸಿದೆ. ನಲವತ್ತು ಸ್ವಿಚ್ ತರಿಸಿದೆ. ಟೈಪ್‌ರೈಟರಿಗೆ ಅಷ್ಟ ಸಾಕಲ್ಲ? ಬಂದವು ನೋಡು, ಎಲ್ಲಾ ಮೂಕ!"

"ಒತ್ತೇನೋ ಇಲ್ಲೋ ತಿಳೀವಲ್ದಾಗಿತ್ತವಾ" ಎಂದರು ಸಾವಿತ್ರೆವ್ವ.

"ಹೊಸಾವು ಗುರುವಾರ ಬರತಾವು. ಅಲ್ಲೀತನಕ ಅಂತ ತಗೊಂಡೆ." ಮಾಸ್ತರು ಮಂಜುಳಾಳತ್ತ ಕಣ್ಣೆತ್ತಲಿಲ್ಲ. "ಸಪ್ಪಳಕ್ಕ ಯಾರು ರೊಕ್ಕ ಕೊಡ್ತಾರ ಅಂತ ನಕ್ಕಾವ ನಾನ. ಹೆಂಗ ಕೇಳ್ಲಿ? ಅದೂ ಅಲ್ದ, ಮಂಜುಳಾ ನನ್ನ ಕಡೆ ಕಲ್ತಾಕಿ, ಕಲ್ಲಿನ ಮ್ಯಾಲೂ ಟೈಪ್ ಮಾಡ್ತಾಳಂತ ನಂಬಿಗಿತ್ತು."

"ನನಗ ಇವು ನಿನ್ನವಂತ ಹೇಳೇ ಇಲ್ಲವಾ" ಎಂದರು ಸಾವಿತ್ರೆವ್ವ, ಗಂಡನ ಮೊಣಕಾಲಿಗೊಂದು ಏಟು ಕೊಟ್ಟು. "ಕಳ್ಳ ಮುದಕ! ತಗದು ಕೊಡು ಹುಡುಗೀಗೆ, ಈಗಿಂದೀಗ."

ಮಂಜುಳಾ ಅವರ ಕೈ ಹಿಡಿದಳು. ಬೆರಳುಗಳು ಇನ್ನೂ ಪಾಠದ ಜಾಗದಲ್ಲೇ ಇದ್ದವು. ಅವಳು ಸ್ವಲ್ಪ ಹೊತ್ತು ಅವನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು.

"ತಗೀಬ್ಯಾಡ್ರಿ ಅಮ್ಮಾರ. ನನ್ನ ಕೀಬೋರ್ಡಿನ್ಯಾಗ ನೂರಾನಾಕ ಕೀ ಅದಾವು. ಮ್ಯಾಲಿನ ಸಾಲು ಮುಟ್ಟಂಗಿಲ್ಲ. ಬಲಗಡಿ ಅಂಕಿ ಗುಂಪು ಮುಟ್ಟಂಗಿಲ್ಲ. ನಡುವಿನ ಹೋಮು, ಎಂಡು ಮುಟ್ಟಂಗಿಲ್ಲ. ಅಲ್ಲೆಲ್ಲಾ ನೀಲಿ ಸ್ವಿಚ್ಚು ಸುಮ್ಮನ ಕುಂತಾವು. ಅವನ್ನ ಅಕ್ಷರಕ್ಕ ಹಾಕೂಣು, ಮೂಕ ಸ್ವಿಚ್ಚನ್ನ ಅಲ್ಲಿ ಕುಂಡ್ರಸೂಣು."

ಮಾಸ್ತರು ಬಾಯಿ ತೆರೆದು ಕುಳಿತರು. "ಒತ್ತದ ಕೀನೂ ಮಾಡಿಟ್ಟಿರತಾರೇನವಾ?"

"ಮಾಡಿಟ್ಟಿರತಾರ್ರಿ."

"ಹುಚ್ಚ ಜನ!" ಎಂದರು ಮಾಸ್ತರು. ಟೈಪ್‌ರೈಟರಿನಲ್ಲಿ ದಂಡಕ್ಕೆ ಕುಳಿತ ಕೀ ಅವರು ಒಂದನ್ನೂ ಕಂಡಿರಲಿಲ್ಲ.

ಎಣಿಸಿದೆವು. ಮೇಲಿನ ಸಾಲಿನಲ್ಲಿ ಹದಿಮೂರು, ಬಲಕ್ಕೆ ಹದಿನೇಳು, ನಡುವೆ ಒಂಬತ್ತು. ಮೂವತ್ತೊಂಬತ್ತು. ಒಂದು ಕಡಿಮೆ.

"ಕ್ಯಾಪ್ಸ್ ಲಾಕ್ ತಗೀರಿ. ಅದು ತಪ್ಪಿ ಒತ್ತಿದ್ರಷ್ಟ ನೆನಪಾಗೂದು" ಎಂದ ನಯಾಜ. ಅವನ ಮಿರ್ಚಿಯ ಖರ್ಚು ಮಾಸ್ತರ ತಲೆಗೆ ಬಂತು.

* * *

ಮಂಗಳವಾರ ಮೂರು ಗಂಟೆಗೆ ಬೀರಲಿಂಗಪ್ಪ ಕೊನೆಯ ಪುಟ ಕೆಳಗಿಟ್ಟರು. "ಹದಿನಾರು ಪುಟ. ಮೂರ ತಪ್ಪು."

ನಾನೂ ಓದಿದ್ದೆ. ಮೂರು ಸಲ. ಸುಮ್ಮನಿರಬಹುದಿತ್ತು. ಆಗಲಿಲ್ಲ. "ನಾಲ್ಕು ಅದಾವ್ರಿ. ಒಂಬತ್ತನೇ ಪುಟದಾಗ ಒಂದು."

ಮಂಜುಳಾ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಬೀರಲಿಂಗಪ್ಪ ಕನ್ನಡಕ ಏರಿಸಿ ನೋಡಿ, ನಕ್ಕರು. "ನಾಕು ಐದರೊಳಗ ಬಂತಲ್ರಿ. ಕೆಲಸ ಈಕಿಗೆ. ತಿದ್ದಾವ್ರು ಇವರ ಇರಲಿ."

ನಯಾಜ ಶಿಳ್ಳೆ ಹೊಡೆದ. ಹಿತ್ತಲಾಚೆಯಿಂದ ಟಿಕ್ ಟಿಕ್ ನಿಲ್ಲದೆ ಬರುತ್ತಲೇ ಇತ್ತು.

ಆ ಶನಿವಾರ ಸಾವಿತ್ರೆವ್ವನವರ ಮೊದಲ ಹತ್ತು ಪುಟ ನನ್ನ ಟೇಬಲ್ಲಿಗೆ ಬಂದವು. ಅಲ್ಲಲ್ಲಿ ಸಣ್ಣ ತಪ್ಪುಗಳು. ತಿದ್ದಿದೆ. ಕೊನೆಯ ಪುಟದಲ್ಲಿ ಅವರು ಟೈಪಿಂಗ್ ಕಲಿತ ಇಸವಿ ಬರೆದಿದ್ದರು.

"ಲ97ಲ."

ಕೆಂಪು ಪೆನ್ನು ಎತ್ತಿದೆ. ಮೂರು ಸಲ ಓದಿದೆ. ಪೆನ್ನಿಗೆ ಮುಚ್ಚಳ ಹಾಕಿ, ಹಾಗೇ ಬಿಟ್ಟೆ.