ಐದನೇ ಮನೆಯ ಮುನ್ನೂರೈವತ್ತು ವಾಟ್

ಕಬ್ಬಿಣದ ರಾಡು ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಸಿಮೆಂಟು ಉದುರಿತು.

"ಇನ್ನೊಂದು ಹೆಜ್ಜೆ ಇಟ್ರೆ ತಲೇಗೇ ಬೀಳುತ್ತೆ ಗುರು!" ಎಂದ ಮಹೇಂದ್ರ. ವಠಾರದ ಓನರ್ ರಾಮಕೃಷ್ಣಪ್ಪನವರ ಮಗ. ಅವನ ಬೆನ್ನ ಹಿಂದೆ ಫ್ಯೂಸ್ ಬೋರ್ಡು. ನನ್ನ ಜೇಬಿನಲ್ಲಿ ಐದನೇ ಮನೆಯ ಫ್ಯೂಸು.

"ದಾರಿ ಬಿಡು ಮಹೇಂದ್ರ! ಒಳಗೆ ಒಬ್ಬರು ಸಾಯ್ತಿದಾರೆ!"

"ಬೀಗ ಹಾಕಿರೋ ಮನೇಲಿ ಯಾರೋ ಸಾಯೋದು? ಕಳ್ಳ ತಾನಾಗೇ ಆಚೆ ಬರ್ತಾನೆ, ಕಾಯ್ತಾ ಇರು ಅಂದೋನು ನೀನೇ. ಈಗ ಪ್ಲೇಟ್ ತಿರುಗಿಸ್ತೀಯಾ? ಎಷ್ಟು ಕೊಟ್ರು ನಿಂಗೆ?"

ಹೌದು, ಅಂದವನು ನಾನೇ. ಯಾಕೆ ಅಂದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕೇಳಿ.

ನಾನು ಬಾಲರಾಜ್. ಹಿಂದೆ ಮೀಟರ್ ರೀಡರ್. ಕೆಲಸ ಹೋದ ಮೇಲೆ, ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹುಡುಕಿಕೊಡುವುದೇ ಕಸುಬು. 2016ರ ಬೇಸಿಗೆಯಲ್ಲಿ ರಾಮಕೃಷ್ಣಪ್ಪ ಕರೆಸಿದರು. ಬಾಗಲಗುಂಟೆಯಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎಂಟು ಬಾಡಿಗೆ ಮನೆ. ಎಂಟಕ್ಕೂ ಒಂದೇ ಮೀಟರು. ಕರೆಂಟು ಸೇರಿಸಿಯೇ ಬಾಡಿಗೆ. ಹೆಚ್ಚು ಸುಡುತ್ತಾರೆ ಎಂದು ಗೊತ್ತಾದವರು ಆ ತಿಂಗಳೇ ಗಂಟುಮೂಟೆ ಕಟ್ಟಬೇಕು.

ಕಂಪನಿಯೊಂದು ಇಡೀ ವಠಾರವನ್ನು ಲೀಸಿಗೆ ಕೇಳಿತ್ತು. ಒಂದೇ ಷರತ್ತು. ಪ್ರತಿ ಮನೆಯ ಕರೆಂಟು, ಗ್ಯಾಸಿನ ಖರ್ಚೆಷ್ಟು, ಅದರಿಂದ ಗಾಳಿಗೆ ಸೇರುವ ಕಾರ್ಬನ್ ಎಷ್ಟು... ಲೆಕ್ಕ ಕೊಡಿ!

ಲೆಕ್ಕ ಕಷ್ಟದ್ದಲ್ಲ. ಯೂನಿಟ್ಟಿಗೆ ಎಂಟುನೂರು ಗ್ರಾಂ ಕಾರ್ಬನ್ ಎಂದು ಹಿಡಿ. ಸಿಲಿಂಡರಿಗೆ ನಲವತ್ತೆರಡು ಕೆ.ಜಿ. ಗುಣಿಸು. ಕೂಡು. ಮುಗಿಯಿತು.

ಮನೆಗೊಂದು ಸಣ್ಣ ಮೀಟರನ್ನು ಬೋರ್ಡಿನಲ್ಲಿ ಸಿಕ್ಕಿಸಿ ನೋಡಿದೆ. ಏಳು ಮನೆಗಳಲ್ಲಿ ಒಂದೂ ತಿಂಗಳಿಗೆ ಅರವತ್ತು ಯೂನಿಟ್ ದಾಟಲಿಲ್ಲ.

ಐದನೆಯದು ಇನ್ನೂರೈವತ್ತು!

ಅಲ್ಲಿದ್ದವಳು ಶಶಿರೇಖಾ. ಗಾರ್ಮೆಂಟ್ಸ್ ಕೆಲಸ. ಒಬ್ಬಳೇ ಎಂದು ಹೇಳಿ ಮನೆ ಹಿಡಿದಿದ್ದಳು. ಬೆಳಿಗ್ಗೆ ಎಂಟಕ್ಕೆ ಬೀಗ ಜಡಿದು ಹೋದರೆ ಬರುವುದು ಸಂಜೆ. ಬೀಗ ಬಿದ್ದ ಮೇಲೂ ಆ ಮನೆ ಮುನ್ನೂರೈವತ್ತು ವಾಟ್ ಎಳೆಯುತ್ತಲೇ ಇತ್ತು. ಫ್ರಿಜ್ಜಾದರೆ ನಿಂತು ನಿಂತು ಓಡುತ್ತದೆ. ಇದು ನಿಲ್ಲಲೇ ಇಲ್ಲ.

ಕಳ್ಳ ವೈರ್ ಎಂದುಕೊಂಡೆ. ನಮ್ಮಲ್ಲಿ ಇದಕ್ಕೊಂದು ಹಳೇ ಉಪಾಯವಿದೆ. ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು ಕಾಯುವುದು. ಯಾರು ಆಚೆ ಬಂದು ಕೂಗಾಡುತ್ತಾರೋ ಅವರೇ ಕಳ್ಳರು.

ಹನ್ನೊಂದು ಗಂಟೆಗೆ ಕಿತ್ತೆ. ಹಿತ್ತಲ ಕಡೆಗಿರುವ ಐದನೇ ಮನೆಯ ಬಾಗಿಲಿಗೆ ಹೋಗಿ ಕಿವಿ ಕೊಟ್ಟೆ.

ಒಳಗೆ ಏನೋ ಕುಂಯ್ ಎಂದು ಕೂಗುತ್ತಿತ್ತು.

"ಯುಪಿಎಸ್ಸು," ಎಂದೆ ಮಹೇಂದ್ರನಿಗೆ. "ಒಳಗೆ ಕಂಪ್ಯೂಟರ್ ಇಟ್ಟು ಏನೋ ದಂಧೆ ನಡೆಸ್ತಿದಾರೆ. ಕಳ್ಳ ತಾನಾಗೇ ಆಚೆ ಬರ್ತಾನೆ, ನೀನು ಬೋರ್ಡ್ ಕಾಯ್ತಾ ಇರು. ಫ್ಯೂಸ್ ಹಾಕೋಕೆ ಯಾರನ್ನೂ ಬಿಡಬೇಡ."

ನಕ್ಕೆ. ಟೀ ಕುಡಿಯಲು ಹೋದೆ.

ಎರಡನೇ ಟೀ ಮುಗಿಯುವ ಹೊತ್ತಿಗೆ ನಾಲ್ಕನೇ ಮನೆಯ ಮುನಿವೆಂಕಟಮ್ಮ ರೇಷನ್ ಅಕ್ಕಿ ಹೊತ್ತುಕೊಂಡು ಬಂದರು. ಸುಮ್ಮನೆ ಕೆಣಕಿದೆ.

"ಪಕ್ಕದ ಮನೇಲಿ ಅದೇನಮ್ಮಾ ಮಿಷನ್ನು? ಫ್ಯೂಸ್ ಕಿತ್ರೆ ಕುಂಯ್‌ಗುಡುತ್ತೆ?"

ಅಕ್ಕಿ ಚೀಲ ರಸ್ತೆಗೆ ಬಿತ್ತು.

"ಕರೆಂಟ್ ತೆಗೆದ್ಯಾ? ಅಯ್ಯೋ ಪಾಪಿ! ರೇಖನ ಅಪ್ಪ ಅವ್ರೆ ಕಣೋ ಒಳಗೆ! ಉಸಿರು ಕೊಡೋ ಮಿಷನ್ನು ಅದು! ಓನರ್‌ಗೆ ಗೊತ್ತಾದ್ರೆ ಓಡಿಸ್ತಾರೆ ಅಂತ ಬೀಗ ಆಕ್ಕೊಂಡು ಓಗ್ತಾಳೆ!"

ಓಡಿದೆ. ಹೆಸರಘಟ್ಟ ರಸ್ತೆಯಲ್ಲಿ ಬಸ್ಸೊಂದು ಬ್ರೇಕ್ ಒತ್ತಿತು. ಡ್ರೈವರ್ ನನ್ನ ತಾಯಿಯನ್ನು ನೆನೆಸಿಕೊಂಡ. ನಾನು ನಿಲ್ಲಲಿಲ್ಲ.

ಅಲ್ಲಿ ಮಹೇಂದ್ರ... ರಾಡು!

ಎರಡನೇ ಏಟಿಗೆ ಎಡಗೈ ಕೊಟ್ಟೆ. ಮೂಳೆ ಲಟಕ್ ಎಂದಿತು. ಬಲಗೈಯಿಂದ ಅವನ ಮೂಗಿಗೆ ಗುದ್ದಿದೆ. ಅವನು ಮುಖ ಹಿಡಿದುಕೊಂಡು ಕುಸಿದ. ಫ್ಯೂಸ್ ಹಾಕಿದೆ. ಅವನ ರಾಡನ್ನೇ ಎತ್ತಿಕೊಂಡು ಹೋಗಿ ಬೀಗ ಒಡೆದೆ.

ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಹಿಂದೆ ಏನೋ ಭಾರ.

ಅದು ಶಶಿರೇಖಾಳ ಅಪ್ಪ ಚಿಕ್ಕಮಾರಯ್ಯ. ಮೂವತ್ತು ವರ್ಷ ಕಲ್ಲು ಒಡೆದು ಧೂಳು ಕುಡಿದ ಮನುಷ್ಯ, ಮೂವತ್ತು ಕೆ.ಜಿ. ತೂಕವೂ ಇರಲಿಲ್ಲ. ಚಾಪೆಯಿಂದ ಬಾಗಿಲವರೆಗೆ ತೆವಳಿಕೊಂಡು ಬಂದಿದ್ದರು. ಕೈಯಲ್ಲಿ ಸ್ಟೀಲ್ ಲೋಟ. ಬಾಗಿಲ ಬುಡದಲ್ಲಿ ಬಣ್ಣ ಕಿತ್ತಿತ್ತು. ಬಡಿದಿದ್ದಾರೆ.

ಉಪಾಯ ಫಲಿಸಿತ್ತು. ಒಳಗಿದ್ದವರು ಆಚೆ ಬರಲು ನೋಡಿದ್ದರು.

ಮೈ ಇನ್ನೂ ಬೆಚ್ಚಗಿತ್ತು. ಬಲಗೈಯೊಂದರಲ್ಲೇ ಎದೆ ಒತ್ತಿದೆ. ಒತ್ತಿದೆ... ಒತ್ತುತ್ತಲೇ ಇದ್ದೆ. ಕರೆಂಟು ಹೋದಾಗ ಕುಂಯ್ ಎಂದು ಕೂಗಿದ್ದ ಯಂತ್ರ ಮೂಲೆಯಲ್ಲಿ ಮತ್ತೆ ಓಡುತ್ತಿತ್ತು. ಕೊಳವೆಯ ತುದಿಯಿಂದ ಬರೀ ನೆಲಕ್ಕೆ ಆಮ್ಲಜನಕ ಊದುತ್ತಿತ್ತು.

"ನಂಗೊತ್ತಿರ್ಲಿಲ್ಲ ಗುರು..." ಎಂದ ಮಹೇಂದ್ರ ಹಿಂದಿನಿಂದ. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಆಮೇಲೆ ಮನೆ ನೋಡಿದೆ. ಟಿವಿ ಇಲ್ಲ. ಮಿಕ್ಸಿ ಇಲ್ಲ. ಫ್ಯಾನಿಲ್ಲ. ಹೋಲ್ಡರಿನಲ್ಲಿ ಬಲ್ಬೇ ಇಲ್ಲ! ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿನ ಕೆಳಗೆ ಪೆನ್ಸಿಲ್ಲಿನಲ್ಲಿ 8.4 ಎಂದು ಬರೆದಿತ್ತು. ಯಂತ್ರ ದಿನಕ್ಕೆ ತಿನ್ನುವ ಯೂನಿಟ್ಟು. ಮೂಲೆಯಲ್ಲೊಂದು ಸಾಲು: ಫೋನ್ ಚಾರ್ಜ್ ಫ್ಯಾಕ್ಟರಿಯಲ್ಲಿ. ಅಪ್ಪನ ಉಸಿರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಆರಿಸಿಕೊಂಡು ಕತ್ತಲಲ್ಲಿ ಬದುಕುತ್ತಿದ್ದಳು.

ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಳು.

ಮುನಿವೆಂಕಟಮ್ಮ ಫೋನ್ ಮಾಡಿ ಕರೆಸಿದ್ದರು. ಶಶಿರೇಖಾ ಬಂದಳು. ಕೊರಳಲ್ಲಿ ಫ್ಯಾಕ್ಟರಿ ಐಡಿ ಕಾರ್ಡು. ಅಪ್ಪನ ಪಕ್ಕ ಕೂತು ಪಂಚೆ ಸರಿಮಾಡಿದಳು. ಲೋಟ ಬಿಡಿಸಿಕೊಂಡಳು. ಅಳಲಿಲ್ಲ.

"ಎಷ್ಟೊತ್ತು ತೆಗ್ದಿದ್ರಿ?"

"ನಲವತ್ತು ನಿಮಿಷ."

ಅವಳ ತುಟಿ ಅಲುಗಿತು. ಲೆಕ್ಕ ಹಾಕುತ್ತಿದ್ದಳು.

"ಕಾಲು ಯೂನಿಟ್ಟೂ ಆಗಲ್ವಲ್ರೀ..."

ಲೋಟವನ್ನು ಚಾಪೆಯ ಪಕ್ಕ ಇಟ್ಟಳು.

"ಒಂದೂವರೆ ರೂಪಾಯಿ. ಕೇಳಿದ್ರೆ ನಾನೇ ಕೊಡ್ತಿದ್ನಲ್ರೀ."

ಬೈಯಲಿಲ್ಲ. ಹೊಡೆಯಲಿಲ್ಲ. ರಾಡಿನ ಏಟೇ ವಾಸಿ.

ಸ್ಟೇಷನ್ನಿಗೆ ಹೋಗಿ, ಫ್ಯೂಸ್ ಕಿತ್ತವನು ನಾನು ಎಂದೆ. ಬರೆದುಕೊಂಡರು. "ಕಾಯಿಲೆ ಮನುಷ್ಯ ಕಣಯ್ಯಾ. ಬೇಕಾದ್ರೆ ಕರೀತೀವಿ, ಹೋಗು." ಇವತ್ತಿನವರೆಗೂ ಕರೆದಿಲ್ಲ.

ನಾಲ್ಕನೇ ದಿನ ರಾಮಕೃಷ್ಣಪ್ಪನವರ ಫೋನು.

"ಆ ಹುಡ್ಗಿ ಮಾಕಳಿ ಕಡೆ ಹೊಂಟೋದ್ಲು ಕಣಪ್ಪಾ. ಮನೆ ಖಾಲಿ. ಕಂಪನಿಯೋರು ಲೆಕ್ಕ ಕೇಳ್ತವ್ರೆ. ಐದನೇ ಮನೆ ಕಾರ್ಬನ್ ಎಷ್ಟು ಅಂತ ಆಕ್ಲಿ?"

"ಸೊನ್ನೆ ಹಾಕ್ಕೊಳ್ಳಿ ಸಾರ್," ಎಂದೆ. "ಅಲ್ಲೀಗ ಯಾರೂ ಉಸಿರಾಡ್ತಿಲ್ಲ."